ಸಿಯಾಟಲ್‌ನ 54 ಪರ್ಸೆಂಟ್ ಜಗಳ

ಬೇಸ್‌ಬಾಲ್ ಆಟ ತಲೆಗೆ ಹತ್ತದವರಿಗೂ ಬೇಸ್‌ಬಾಲ್ ಜಗಳ ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲೂ ನವೆಂಬರ್‌ನಿಂದ ಫೆಬ್ರವರಿವರೆಗಿನ ಜಗಳ. ಆಗ ಮೈದಾನದಲ್ಲಿ ಆಟವೇ ಇರುವುದಿಲ್ಲ. ಸಿಯಾಟಲ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ಮ್ಯಾರಿನರ್ಸ್ ತಂಡದವರು ಯಾರನ್ನು ಉಳಿಸಿಕೊಂಡರು, ಯಾರನ್ನು ಸಾಗಹಾಕಿದರು ಅಂತ ಆಫೀಸಿನ ಕಾಫಿ ಮಷೀನ್ ಮುಂದೆ, ಕಟಿಂಗ್ ಶಾಪಿನಲ್ಲಿ, ಮಕ್ಕಳ ಈಜು ಕ್ಲಾಸಿನ ಬೆಂಚಿನಲ್ಲಿ ಒಂದೇ ಮಾತು.

ಐಪಿಎಲ್ ನೋಡುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 2025ರ ಸೀಸನ್‌ಗೆ ಮೊದಲು ಆರ್‌ಸಿಬಿ ಸಿರಾಜ್‌ರನ್ನು ಬಿಟ್ಟುಕೊಟ್ಟಿತು, ಗುಜರಾತ್ 12.25 ಕೋಟಿಗೆ ಕೊಂಡಿತು. ನಮ್ಮ ಹುಡುಗ ರಾಹುಲ್ ಬೆಂಗಳೂರಿಗೆ ಬರುವ ಬದಲು ಡೆಲ್ಲಿಗೆ ಹೋದರು. ಆಗ ಬೈದವರೆಲ್ಲ ಜೂನ್‌ನಲ್ಲಿ ಕಪ್ ಬಂದ ಮೇಲೆ ಎಲ್ಲಿ ಹೋದರೋ ಗೊತ್ತಿಲ್ಲ! ಇಲ್ಲಿ ಹರಾಜು ಇಲ್ಲ. ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ತರುತ್ತಾರೆ, ಅದೇ ಟ್ರೇಡ್. ಹೆಚ್ಚಿನ ಆಟಗಾರರನ್ನು ಒಂದು ಮಾತೂ ಕೇಳುವುದಿಲ್ಲ. ಫೋನ್ ಬರುತ್ತದೆ, ಪೆಟ್ಟಿಗೆ ಕಟ್ಟಬೇಕು, ಅಷ್ಟೇ. ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡಿ, ಒಪ್ಪಂದವೂ ಮುಗಿದವರು ಮಾತ್ರ ತಮಗೆ ಬೇಕಾದ ತಂಡಕ್ಕೆ ಹೋಗಬಹುದು.

ಈ ವ್ಯಾಪಾರವೆಲ್ಲ ಜನರಲ್ ಮ್ಯಾನೇಜರ್ ಕೈಯಲ್ಲಿ. ಸಿಯಾಟಲ್‌ಗೆ 2015ರಲ್ಲಿ ಆ ಕೆಲಸಕ್ಕೆ ಬಂದವರು ಜೆರ್ರಿ ಡಿಪೋಟೊ. ಸುಮ್ನೆ ಕೂರುವ ಜಾತಿಯಲ್ಲ, ಟ್ರೇಡ್ ಮಾಡುವುದರಲ್ಲಿ ಎತ್ತಿದ ಕೈ. ಆಮೇಲೆ ಬಡ್ತಿ ಸಿಕ್ಕಿ ಪ್ರೆಸಿಡೆಂಟ್ ಆದರು, ಜನರಲ್ ಮ್ಯಾನೇಜರ್ ಕುರ್ಚಿಗೆ ಜಸ್ಟಿನ್ ಹೊಲ್ಯಾಂಡರ್ ಬಂದರು. ಬೈಗುಳ ಮಾತ್ರ ಈಗಲೂ ಡಿಪೋಟೊ ಹೆಸರಿಗೇ ಹೋಗುತ್ತದೆ.

ಇಲ್ಲಿನವರ ಸಿಟ್ಟಿಗೆ ಹಳೇ ಕಾರಣಗಳಿವೆ. ಮೇಜರ್ ಲೀಗ್‌ನ 30 ತಂಡಗಳಲ್ಲಿ ಒಮ್ಮೆಯೂ ವರ್ಲ್ಡ್ ಸೀರೀಸ್ ಆಡದ ತಂಡ ಇದೊಂದೇ. ಗೆಲ್ಲುವುದು ಹಾಗಿರಲಿ, ಫೈನಲ್ ಮೆಟ್ಟಿಲನ್ನೇ ತುಳಿದಿಲ್ಲ. 2001ರಲ್ಲಿ ಜಪಾನಿನ ಸ್ಟಾರ್ ಆಟಗಾರ ಇಚಿರೊ ಇದ್ದ ತಂಡ 116 ಪಂದ್ಯ ಗೆದ್ದಿತ್ತು. ಆಗಲೂ ಆಗಲಿಲ್ಲ. ಅದಾದ ಮೇಲೆ ಪ್ಲೇಆಫ್ ಮುಖ ನೋಡಿದ್ದು 2022ರಲ್ಲಿ. ಮರುವರ್ಷ 162 ಪಂದ್ಯಗಳಲ್ಲಿ 88 ಗೆದ್ದು, ಒಂದೇ ಒಂದು ಪಂದ್ಯದ ಅಂತರದಲ್ಲಿ ಪ್ಲೇಆಫ್ ಕೈ ತಪ್ಪಿತು. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಕ್ಯಾಲ್ ರಾಲಿ ಅವತ್ತೇ ಕ್ಯಾಮೆರಾ ಮುಂದೆ, ಗೆಲ್ಲಬೇಕು ಅಂದರೆ ಒಳ್ಳೆಯ ಆಟಗಾರರನ್ನು ತರಬೇಕು ಅಂತ ಮಾಲೀಕರಿಗೇ ನಾಟುವ ಹಾಗೆ ಹೇಳಿಬಿಟ್ಟರು.

ಕೆಲವೇ ದಿನಗಳಲ್ಲಿ ಡಿಪೋಟೊ ಪತ್ರಿಕಾಗೋಷ್ಠಿ ಕರೆದರು. ಹತ್ತು ವರ್ಷದ ಲೆಕ್ಕದಲ್ಲಿ ನೂರಕ್ಕೆ 54 ಪಂದ್ಯ ಗೆಲ್ಲುತ್ತಾ ಹೋದರೆ ಒಂದಲ್ಲ ಒಂದು ದಿನ ವರ್ಲ್ಡ್ ಸೀರೀಸ್ ಸಿಕ್ಕೇ ಸಿಗುತ್ತದೆ ಅಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಭಿಮಾನಿಗಳಿಗೆ ತಾಳ್ಮೆಯಿಂದಿರಿ ಅಂತ ಕೇಳುವ ಮೂಲಕ ನಾವು ಅವರಿಗೆ ಉಪಕಾರವನ್ನೇ ಮಾಡುತ್ತಿದ್ದೇವೆ ಅನ್ನುವ ಅರ್ಥದ ಮಾತನ್ನೂ ಸೇರಿಸಿದರು. ಊರು ಹೊತ್ತಿಕೊಂಡಿತು. ಆಮೇಲೆ ಕ್ಷಮೆ ಕೇಳಿದರು, ಆದರೆ 54 ಅನ್ನುವ ಅಂಕಿ ಅವರ ಬೆನ್ನು ಬಿಡಲಿಲ್ಲ. ತಮಾಷೆ ನೋಡಿ, 162ರಲ್ಲಿ 88 ಅಂದರೆ ಹೆಚ್ಚುಕಮ್ಮಿ 54 ಪರ್ಸೆಂಟೇ. ಅವರ ಲೆಕ್ಕದ ಪ್ರಕಾರ ತಂಡ ಪಾಸ್!

ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಬೇಸ್‌ಬಾಲ್‌ನಲ್ಲಿ ಹೀಗೆಯೇ ಯೋಚಿಸಬೇಕೇನೋ. ಆದರೆ ಪಾರ್ಕಿಂಗ್‌ಗೆ, ಬಿಯರ್‌ಗೆ ಕೇಳಿದಷ್ಟು ಕೊಟ್ಟು ಮಕ್ಕಳನ್ನು ಕರೆದುಕೊಂಡು ಬರುವವನಿಗೆ 'ನಿಮಗೆ ಉಪಕಾರ ಮಾಡಿದ್ದೇವೆ' ಅಂದರೆ ಯಾರಿಗೆ ಉರಿಯುವುದಿಲ್ಲ? ಕೆಟ್ಟ ಟ್ರೇಡನ್ನು ಇಲ್ಲಿನವರು ಮರೆತಿದ್ದಾರೆ. ಈ ಮಾತನ್ನು ಮರೆತಿಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದು ಆ ನವೆಂಬರ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಯುಜೇನಿಯೊ ಸುವಾರೆಜ್‌ರನ್ನು ಅರಿಜೋನಾಗೆ ಕೊಟ್ಟುಬಿಟ್ಟರು. ಆ ವರ್ಷ 162 ಪಂದ್ಯಗಳನ್ನೂ ಆಡಿದ ಮನುಷ್ಯ, ಸದಾ ನಗುಮುಖ, ಡ್ರೆಸ್ಸಿಂಗ್ ರೂಮಿಗೆಲ್ಲ ಅಣ್ಣನ ಹಾಗೆ. ಬದಲಿಗೆ ಬಂದವರು ಒಬ್ಬ ಬದಲಿ ಕ್ಯಾಚರ್, ಒಬ್ಬ ಯುವ ಬೌಲರ್, ಅಂದರೆ ಪಿಚರ್. ತಂಡ ಕೊಟ್ಟ ಕಾರಣ ಸ್ಟ್ರೈಕ್‌ಔಟ್. ಚೆಂಡನ್ನು ಮುಟ್ಟದೆಯೇ ಔಟಾಗುವುದು ಜಾಸ್ತಿಯಾಯಿತು, ಅದನ್ನು ಕಡಿಮೆ ಮಾಡಬೇಕು ಅಂದರು. ಸುವಾರೆಜ್ ಆ ವರ್ಷ 214 ಸಲ ಹಾಗೆ ಔಟಾಗಿದ್ದು ನಿಜ. 211 ಸಲ ಔಟಾದ ಟಿಯೋಸ್ಕರ್ ಹರ್ನಾಂಡೆಜ್‌ರನ್ನೂ ಉಳಿಸಿಕೊಳ್ಳಲಿಲ್ಲ.

ಹಬ್ಬದ ದಿನ ನಾವು ನಾಲ್ಕೈದು ಕನ್ನಡದ ಮನೆಯವರು ಸೇರಿದ್ದೆವು. ಟರ್ಕಿ ಇಲ್ಲ, ಬಿಸಿಬೇಳೆ ಬಾತ್, ಮೊಸರನ್ನ, ಯಾರೋ ತಂದ ಕುಂಬಳಕಾಯಿ ಪೈ. ಹಾಸನದ ಗೆಳೆಯನೊಬ್ಬ ಊಟ ಬಿಟ್ಟು ಪೇಪರ್ ತಟ್ಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಸಂಬಳ ಬರೆಯತೊಡಗಿದ. ಸುವಾರೆಜ್‌ಗೆ ಸುಮಾರು 11 ಮಿಲಿಯನ್ ಡಾಲರ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. "ಸ್ಟ್ರೈಕ್‌ಔಟೂ ಇಲ್ಲ, ಮಣ್ಣೂ ಇಲ್ಲ ಕಣೋ. ದುಡ್ಡು ಉಳಿಸ್ತಿದಾರೆ."

"ಉಳಿಸಿದ ದುಡ್ಡಲ್ಲಿ ಓಟಾನಿನ ತಂದರೆ?" ಅಂದ ಇನ್ನೊಬ್ಬ.

ಓಟಾನಿ ಅಂದರೆ ಜಪಾನಿನಿಂದ ಬಂದ ಬೇಸ್‌ಬಾಲ್‌ನ ದೊಡ್ಡ ಸ್ಟಾರ್. ಆ ಆಸೆ ಅವನೊಬ್ಬನದೇ ಅಲ್ಲ. ಜುಲೈನಲ್ಲಿ ಆಲ್-ಸ್ಟಾರ್ ಪಂದ್ಯ ಸಿಯಾಟಲ್‌ನಲ್ಲೇ ನಡೆದಾಗ, ಓಟಾನಿ ಬ್ಯಾಟ್ ಹಿಡಿದು ಬಂದಾಗಲೆಲ್ಲ ಇಡೀ ಮೈದಾನ 'ಸಿಯಾಟಲ್‌ಗೆ ಬಾ' ಅಂತ ಕೂಗಿತ್ತು. ಡಿಸೆಂಬರ್‌ನಲ್ಲಿ ಅವರು 700 ಮಿಲಿಯನ್‌ಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದರು. ಹರ್ನಾಂಡೆಜ್ ಕೂಡ ಅಲ್ಲಿಗೇ ಹೋಗಿ, ಮೊದಲ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದರು. ಇತ್ತ 2024ರಲ್ಲಿ ಇಡೀ ಮೇಜರ್ ಲೀಗ್‌ನಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್ ಆದ ತಂಡ ಯಾವುದು? ಮ್ಯಾರಿನರ್ಸ್. ಮತ್ತೆ ಒಂದೇ ಪಂದ್ಯದಿಂದ ಪ್ಲೇಆಫ್ ತಪ್ಪಿತು. ಹಾಸನದವನ ತಟ್ಟೆಯ ಲೆಕ್ಕವೇ ಸರಿ ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಂತ ಅಭಿಮಾನಿಗಳ ಲೆಕ್ಕವೇ ಯಾವಾಗಲೂ ಸರಿಯಾ? ಅದೂ ಇಲ್ಲ. 2024ರ ಜನವರಿಯಲ್ಲಿ ಮಿನೆಸೋಟಾದಿಂದ ಹೋರ್ಹೆ ಪೊಲಾಂಕೊರನ್ನು ತಂದರು. ಮೊದಲ ವರ್ಷ ಮಂಡಿ ನೋವು, ಬ್ಯಾಟ್ ನಡೆಯಲೇ ಇಲ್ಲ. ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ ಆದ ಅಜ್ಜ ಒಬ್ಬರಿದ್ದಾರೆ. ಮಳೆಯಲ್ಲೇ ನಾಯಿ ಹಿಡಿದು ಹೊರಡುತ್ತಾರೆ, ಬಣ್ಣ ಹೋದ ಮ್ಯಾರಿನರ್ಸ್ ಟೋಪಿ ತಲೆಯಿಂದ ಇಳಿಯುವುದೇ ಇಲ್ಲ. "ಆ ಪೊಲಾಂಕೊನ ಮನೆಗೆ ಕಳಿಸಬೇಕು" ಅಂತ ಆ ವರ್ಷವೆಲ್ಲ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ ಹೇಳುತ್ತಿದ್ದರು. ತಂಡ 12 ಮಿಲಿಯನ್ ಕೊಡಲು ಒಪ್ಪದೆ ಅವರನ್ನು ಬಿಟ್ಟಿತು. ಆಮೇಲೆ 7.75 ಮಿಲಿಯನ್‌ಗೆ ಅವರನ್ನೇ ವಾಪಸ್ ತಂದಿತು. ಅಜ್ಜನಿಗೆ ಮಾತೇ ಹೊರಡಲಿಲ್ಲ.

2025ರಲ್ಲಿ ಅದೇ ಪೊಲಾಂಕೊ 26 ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದರು. ಅಕ್ಟೋಬರ್ 10ರ ರಾತ್ರಿ ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ಎದುರಿನ ಸರಣಿಯ ಕೊನೆಯ ಪಂದ್ಯ ಒಂಬತ್ತು ಇನಿಂಗ್ಸ್‌ನಲ್ಲಿ ಮುಗಿಯದೆ ಹದಿನೈದಕ್ಕೆ ಹೋಯಿತು. ಹತ್ತಿರ ಹತ್ತಿರ ಐದು ಗಂಟೆ. ಗೆಲುವಿನ ಹೊಡೆತ ಪೊಲಾಂಕೊರದ್ದೇ. ನಮ್ಮ ಬೀದಿಯಲ್ಲಿ ಆ ಹೊತ್ತಿನಲ್ಲೂ ಜನ ಬಾಗಿಲು ತೆಗೆದು ಕೂಗಿದರು.

ಇನ್ನು ಸುವಾರೆಜ್. ಅದೇ ವರ್ಷ ಜುಲೈ ಕೊನೆಯಲ್ಲಿ ಡಿಪೋಟೊ ಅವರನ್ನು ಅರಿಜೋನಾದಿಂದ ಮತ್ತೆ ಟ್ರೇಡ್ ಮಾಡಿ ತಂದರು! ಊರಿಗೆ ಊರೇ ಕುಣಿಯಿತು. ಬಂದವರು ಎರಡು ತಿಂಗಳು ಸರಿಯಾಗಿ ಆಡಲಿಲ್ಲ. ಬರೀ ಸ್ಟ್ರೈಕ್‌ಔಟ್. 'ನೋಡಿ, ಅವತ್ತು ಹೇಳಿದ್ದೆವಲ್ಲ' ಅಂತ ತಂಡದವರು ಅನ್ನಬಹುದಿತ್ತು. ಅಷ್ಟರಲ್ಲಿ ವರ್ಲ್ಡ್ ಸೀರೀಸ್‌ಗೆ ಮುಂಚಿನ ಸುತ್ತಿನಲ್ಲಿ, ಏಳು ಪಂದ್ಯಗಳ ಸರಣಿಯಲ್ಲಿ ಟೊರಾಂಟೊ ಎದುರು ಐದನೇ ಪಂದ್ಯ ಬಂತು. ಎಂಟನೇ ಇನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಸುವಾರೆಜ್ ಚೆಂಡನ್ನು ಎತ್ತಿ ಗ್ಯಾಲರಿಗೆ ಹಾಕಿದರು. ಒಂದೇ ಹೊಡೆತಕ್ಕೆ ನಾಲ್ಕು ರನ್. ಹಾಗಾದರೆ ಕೊಟ್ಟಿದ್ದು ಸರಿಯಾ, ತಂದಿದ್ದು ಸರಿಯಾ? ಈ ಪ್ರಶ್ನೆ ಕೇಳಿದರೆ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಮೀಟಿಂಗ್ ಶುರುವಾಗುವುದಿಲ್ಲ.

ಏಳನೇ ಪಂದ್ಯ ಅಕ್ಟೋಬರ್ 20ಕ್ಕೆ, ದೀಪಾವಳಿ ದಿನವೇ ಬಂತು. ಲಕ್ಷ್ಮಿ ಪೂಜೆ ಬೇಗ ಮುಗಿಸಿ ಟಿವಿ ಹಾಕಿದೆವು. 4–3ಕ್ಕೆ ಸೋಲು. ವರ್ಲ್ಡ್ ಸೀರೀಸ್ ಮತ್ತೆ ಇಲ್ಲ. ಇಷ್ಟೇ ಸಾಕು, ಹೆಚ್ಚು ಬರೆಯಲು ಮನಸ್ಸಿಲ್ಲ.

ಮತ್ತೆ ಚಳಿಗಾಲ ಬಂತು, ಮತ್ತೆ ಜಗಳ. ತಂಡದ ಬ್ಯಾಟರ್ ಜೋಶ್ ನೇಲರ್‌ಗೆ ಐದು ವರ್ಷಕ್ಕೆ 92.5 ಮಿಲಿಯನ್ ಕೊಟ್ಟು ಉಳಿಸಿಕೊಂಡರು. ಈ ಸಲ ದುಡ್ಡು ಬಿಚ್ಚಿದರಲ್ಲ ಅಂತ ಹಾಸನದವನಿಗೇ ಆಶ್ಚರ್ಯ. ಪೊಲಾಂಕೊ ಮಾತ್ರ ಎರಡು ವರ್ಷಕ್ಕೆ 40 ಮಿಲಿಯನ್ ಒಪ್ಪಿಕೊಂಡು ನ್ಯೂಯಾರ್ಕ್ ಮೆಟ್ಸ್‌ಗೆ ಹೊರಟರು. ವಯಸ್ಸು 32, ಮಂಡಿಯೂ ಹಳೆಯದು, ಅಷ್ಟು ದುಡ್ಡು ಕೊಡದೇ ಇದ್ದದ್ದೇ ಒಳ್ಳೆಯದು ಅಂತ ನಾನು ಪಕ್ಕದ ಮನೆಯ ಅಜ್ಜನಿಗೆ ಹೇಳಿ ನೋಡಿದೆ. ಅಜ್ಜ ನಾಯಿಯ ಹಗ್ಗ ಎಳೆದು ನಿಂತರು. "ಹದಿನೈದನೇ ಇನಿಂಗ್ಸ್‌ನಲ್ಲಿ ಗೆಲ್ಲಿಸಿದವನನ್ನು ಬಿಡೋದಾ? ಡಿಪೋಟೊಗೆ ತಲೆ ಇದೆಯಾ?"