ಹೊಗೆ ವಿಸ್ಕಿ ಹೋಲಿಸುವಾಗ ಪಿಪಿಎಂ ಬದಿಗಿಡಿ, ಹಂಡೆ ನೋಡಿ

"ಇದರ ಪಿಪಿಎಂ ಎಷ್ಟ್ರೀ?" ಹೊಗೆ ವಾಸನೆಯ ಸ್ಕಾಚ್ ಸಿಂಗಲ್ ಮಾಲ್ಟ್ ಎಂದರೆ ಬೆಳಗಾವಿಯಲ್ಲೂ ಮಾತು ಇಲ್ಲಿಂದಲೇ ಶುರು. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ. ಹೆಸರಾದ ಹೊಗೆ ವಿಸ್ಕಿಗಳಲ್ಲಿ ಬೋಮೋರ್ 25, ಲಗಾವೂಲಿನ್ 35ರ ಆಸುಪಾಸು, ಲಫ್ರಾಯ್ಗ್ 40ರಿಂದ 45, ಆರ್ಡ್‌ಬೆಗ್ 55. ಅಂಕಿಗಳೇನೋ ಸರಿ, ಆದರೆ ಅವು ಬಾಟಲಿಯೊಳಗಿನ ವಿಸ್ಕಿಯ ಅಂಕಿಗಳಲ್ಲ. ಮೊಳಕೆ ಬರಿಸಿದ ಜವೆಗೋದಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸಿದಾಗ ಕಾಳಿಗೆ ಅಂಟಿದ ಫೀನಾಲಿನ, ಅಂದರೆ ಹೊಗೆವಾಸನೆ ಕೊಡುವ ರಾಸಾಯನಿಕದ, ಲೆಕ್ಕ ಅದು. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಗಟ್ಟಿಯಾದ ಪಾಚಿ, ಗಿಡಗಂಟಿ. ಕಾಳು ಹಸಿಯಾಗಿದ್ದಾಗಲೇ ಅದರ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ನುಚ್ಚು ಮಾಡಿ, ನೆನೆಸಿ, ಹುಳಿ ಬರಿಸಿ, ಬಟ್ಟಿ ಇಳಿಸುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಫೀನಾಲ್ ಹೋಗಿರುತ್ತದೆ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಇನ್ನಷ್ಟು ಇಳಿಯುತ್ತದೆ.

ಇದನ್ನು ನಾಲಿಗೆಯಲ್ಲೇ ತಿಳಿಯಬೇಕಾದರೆ ಲಗಾವೂಲಿನ್ 16 ಮತ್ತು ಕುಲ್ ಈಲಾ 12 (ಅಂಕಿ ಪೀಪಾಯಿಯಲ್ಲಿ ಕಳೆದ ವರ್ಷಗಳದ್ದು) ಪಕ್ಕಪಕ್ಕ ಇಡಿ. ಎರಡೂ ಸ್ಕಾಟ್ಲೆಂಡಿನ ಐಲಾ ದ್ವೀಪದವು, ಎರಡಕ್ಕೂ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಜವೆಗೋದಿ) ಬರುವುದು ಅಲ್ಲಿನ ಪೋರ್ಟ್ ಎಲೆನ್‌ನಿಂದ, ಪಿಪಿಎಂ ಹೆಚ್ಚುಕಡಿಮೆ ಒಂದೇ, ಬಾಟಲಿಯ ಮೇಲೆ ಮದ್ಯಾಂಶ 43 ಶೇಕಡ ಎಂಬುದೂ ಒಂದೇ. ರುಚಿ ಮಾತ್ರ ದೂರದೂರ. ಲಗಾವೂಲಿನ್‌ನ ಬಟ್ಟಿ ಇಳಿಸುವ ತಾಮ್ರದ ಹಂಡೆಗಳನ್ನು ಬಹುಮಟ್ಟಿಗೆ ತುಂಬಿಸಿ ನಿಧಾನಕ್ಕೆ ಕಾಯಿಸುತ್ತಾರೆ, ಆವಿ ಹೋಗುವ ಕೊಳವೆ ಕೆಳಮುಖ; ಭಾರದ, ಎಣ್ಣೆಯಂಥ ಅಂಶಗಳೂ ದಾಟಿಬರುತ್ತವೆ. ಕುಲ್ ಈಲಾದಲ್ಲಿ ದೊಡ್ಡ ಹಂಡೆಯನ್ನು ಪೂರ್ತಿ ತುಂಬಿಸುವುದಿಲ್ಲ. ಆವಿಗೆ ತಾಮ್ರದ ಸಂಗ ಹೆಚ್ಚು, ಭಾರದ್ದೆಲ್ಲ ಮರಳಿ ಹಂಡೆಗೇ ಬೀಳುತ್ತದೆ. ಹಾಗಾಗಿ ಕುಲ್ ಈಲಾ ನಿಂಬೆ, ತಣ್ಣನೆ ಬೂದಿ, ಹಗುರ ಎಣ್ಣೆ. ಲಗಾವೂಲಿನ್ ವಿಜಯಪುರದ ಒಣದ್ರಾಕ್ಷಿಗೆ ಬೆಲ್ಲದ ಗಾಣದ ಹೊಗೆ ಹತ್ತಿದಂತೆ.

ಇನ್ನೊಂದು ಕಾರಣ, ಬಟ್ಟಿ ಇಳಿಯುವಾಗ ಮೊದಲದ್ದು, ಕೊನೆಯದು ಬಿಟ್ಟು ಇಟ್ಟುಕೊಳ್ಳುವ ನಡುಭಾಗವನ್ನು ಎಲ್ಲಿ ಕತ್ತರಿಸುತ್ತಾರೆ ಎಂಬುದು. ಫೀನಾಲ್ ಕೊನೆಕೊನೆಗೆ ಇಳಿಯುವ ಸರಕು. ಲಫ್ರಾಯ್ಗ್‌ನವರು ಕತ್ತರಿಸುವುದು ತಡ. ಟಿಂಚರ್, ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಅಲ್ಲಿಂದ. ಆರ್ಡ್‌ಬೆಗ್‌ನ ಹಂಡೆಗೆ ಪ್ಯೂರಿಫೈಯರ್ ಇದೆ, ಭಾರದ ಆವಿಯನ್ನು ಹಿಂದಕ್ಕೆ ಕಳಿಸುತ್ತದೆ. 55 ಪಿಪಿಎಂ ಇದ್ದರೂ ಆರ್ಡ್‌ಬೆಗ್ 10ರಲ್ಲಿ ಡಾಂಬರು, ಕರಿಮೆಣಸಿನ ಹಿಂದೆಯೇ ನಿಂಬೆ, ಸಿಹಿ ಬರುವುದು ಅದಕ್ಕೇ. ಕಟುವಾಗಿ ಕಾಣುವುದು 45ರ ಲಫ್ರಾಯ್ಗೇ.

ಹೋಲಿಸಲು ತಲಾ 20 ಎಂಎಲ್ ಸಾಕು, ನಾಲ್ಕಕ್ಕಿಂತ ಹೆಚ್ಚು ಬೇಡ. ಮದ್ಯಾಂಶ ಆರ್ಡ್‌ಬೆಗ್‌ನಲ್ಲಿ 46 ಶೇಕಡ, ಬೋಮೋರ್ 12ರಲ್ಲಿ ಕೆಲವು ಕಡೆ 40, ಕೆಲವು ಕಡೆ 43. ಹಾಗೆಯೇ ಕುಡಿದರೆ ಮದ್ಯದ ಉರಿಯನ್ನೇ ಹೊಗೆ ಎಂದುಕೊಳ್ಳುತ್ತೇವೆ. ಮೊದಲ ಸುತ್ತು ನೀರಿಲ್ಲದೆ, ಎರಡನೆಯ ಸುತ್ತಿಗೆ ಎಲ್ಲವನ್ನೂ 40ಕ್ಕೆ ತನ್ನಿ: 20 ಎಂಎಲ್‌ಗೆ 46ರದಾದರೆ 3 ಎಂಎಲ್ ನೀರು, 43ರದಾದರೆ ಒಂದೂವರೆ. ಔಷಧ ಅಂಗಡಿಯ 5 ಎಂಎಲ್ ಸಿರಿಂಜ್, ಸೂಜಿ ತೆಗೆದು, ಇದಕ್ಕೆ ಹೇಳಿ ಮಾಡಿಸಿದ್ದು. ನೀರು ಹಾಕಿದಾಗ ಆರ್ಡ್‌ಬೆಗ್ ಮಬ್ಬಾದರೆ ಕೆಟ್ಟಿದೆ ಎಂದು ತಿಳಿಯಬೇಡಿ. ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಕೊಬ್ಬಿನಂಶ ಹೀಗೆ ಹೊರಬರುತ್ತದೆ.

ನೀರಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ನಲ್ಲಿ ನೀರಿನ ಕ್ಲೋರಿನ್ ಫೀನಾಲಿಗೆ ಸೇರಿದರೆ ಔಷಧದ ವಾಸನೆ ಹುಟ್ಟುತ್ತದೆ. ಅದನ್ನು ವಿಸ್ಕಿಯ ಗುಣವೆಂದು ಬರೆದುಕೊಂಡರೆ ಹೋಲಿಕೆಯೇ ತಪ್ಪು. ಬೋರ್ ನೀರು ಗಡಸು, ಉಪ್ಪು. ಆರ್‌ಓ ನೀರೇ ಇರಲಿ. ಏಪ್ರಿಲ್-ಮೇ ಬಿಸಿಲಲ್ಲಿ ಕೋಣೆ 35 ಡಿಗ್ರಿ ಇದ್ದರೆ ಗ್ಲಾಸಿನಿಂದ ಬರೇ ಮದ್ಯದ ಆವಿ ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು 20-22 ಡಿಗ್ರಿಗೆ ತಂದು ಸುರಿಯಿರಿ. ಐಸ್ ಹಾಕಿದರೆ ವಾಸನೆ ಮುದುಡುತ್ತದೆ. ಸಾವಜಿ ಊಟ, ಜರ್ದಾ ಪಾನ್, ಊದುಬತ್ತಿ ಎಲ್ಲ ಆಮೇಲೆ.

ಕ್ರಮ: ಬೋಮೋರ್, ಕುಲ್ ಈಲಾ, ಲಗಾವೂಲಿನ್, ಕೊನೆಗೆ ಆರ್ಡ್‌ಬೆಗ್ ಅಥವಾ ಲಫ್ರಾಯ್ಗ್. ತಿರುವುಮುರುವು ಮಾಡಿದರೆ ಮೂಗು ಫೀನಾಲಿಗೆ ಒಗ್ಗಿಹೋಗಿ ಬೋಮೋರ್ ಸಪ್ಪೆ ಎನಿಸುತ್ತದೆ, ಅದಕ್ಕೆ ಅನ್ಯಾಯ. ನಡುವೆ ಹತ್ತು ನಿಮಿಷ ಬಿಡಿ. ಬಣ್ಣ ನೋಡಿ ಅಂದಾಜು ಕಟ್ಟಬೇಡಿ. ಕ್ಯಾರಮೆಲ್ ಬಣ್ಣ ಸೇರಿಸಲು ಸ್ಕಾಚ್ ನಿಯಮದಲ್ಲೇ ಅವಕಾಶವಿದೆ. ಒಂದೇ ಬಾಟಲಿ ಕೊಳ್ಳುವುದಾದರೆ ನನ್ನ ಮತ ಕುಲ್ ಈಲಾಕ್ಕೆ: ಹೊಗೆಯೂ ಇದೆ, ಹೊಗೆಯ ಹಿಂದೆ ಏನಿದೆ ಎಂಬುದೂ ಕಾಣುತ್ತದೆ. ಲಗಾವೂಲಿನ್ ಜೊತೆ ಗೋಕಾಕದ ಕರದಂಟು ಒಂದು ಚೂರು ಬಹಳ ಹೊಂದುತ್ತದೆ.

ತೆರೆದ ಬಾಟಲಿ ನಿಲ್ಲಿಸಿಯೇ ಇಡಿ, ಮಲಗಿಸಿದರೆ ಮದ್ಯ ಬಿರಡೆಯನ್ನು ತಿನ್ನುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದರೆ ಗಾಳಿ ಸೇರಿ ಮೊದಲು ಮಂಕಾಗುವುದು ಹೊಗೆಯೇ. ಉಳಿದದ್ದನ್ನು 180 ಎಂಎಲ್‌ನ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಕತ್ತಲ ಕಪಾಟಿನಲ್ಲಿಡಿ.