ರೊಟೀನ್‌ಗಳಲ್ಲೆಲ್ಲ ಹುಡುಕಿದ್ದೆ, ಕೋಡ್ ಅಲ್ಲಿರಲಿಲ್ಲ

ನಮ್ಮ ಚೇಂಜ್ ರಿಕ್ವೆಸ್ಟ್ ಫಾರ್ಮ್‌ನಲ್ಲಿ ‘ರೆಫರೆನ್ಸ್ ಕೌಂಟ್’ ಅಂತ ಒಂದು ಕಾಲಂ ಇದೆ. ತೆಗೆದುಹಾಕೋ ರೊಟೀನನ್ನು (ಅಂದರೆ ಒಂದು ಸಣ್ಣ ಪ್ರೋಗ್ರಾಂ ಫೈಲನ್ನು) ಇನ್ನೂ ಎಷ್ಟು ಕಡೆಯಿಂದ ಕರೆಯುತ್ತಿದ್ದಾರೆ ಅಂತ ಅಲ್ಲಿ ತುಂಬಬೇಕು. ಸೊನ್ನೆ ಬರೆದರೆ, ಚೇಂಜ್‌ಗಳಿಗೆ ಒಪ್ಪಿಗೆ ಕೊಡೋ ಸಮಿತಿಯಾದ ಸಿಎಬಿಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಬೇರೆ ಏನು ಬರೆದರೂ ಮುಕ್ಕಾಲು ಗಂಟೆ ಪ್ರಶ್ನೆ. ಹಾಗಾಗಿ ನಮ್ಮ ಟೀಮಿನಲ್ಲಿ ಎಲ್ಲರೂ ಸೊನ್ನೆ ಬರೋ ಹಾಗೇ ಹುಡುಕುತ್ತಾರೆ. ನಾನೂ ಹಾಗೇ ಹುಡುಕಿದೆ.

ನಾವು ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ಆಸ್ಪತ್ರೆಗೆ ಸಪೋರ್ಟ್ ಕೊಡುತ್ತೇವೆ. ಅವರ ಸಿಸ್ಟಂ ವಿಸ್ಟಾದಿಂದ ಬಂದದ್ದು. ಅಲ್ಲಿನ ಮಾಜಿ ಸೈನಿಕರ ಇಲಾಖೆ ತನ್ನ ಆಸ್ಪತ್ರೆಗಳಿಗೆ ಬರೆಸಿ, ಆಮೇಲೆ ಯಾರು ಬೇಕಾದರೂ ತಗೊಳ್ಳಲಿ ಅಂತ ಹೊರಗೆ ಬಿಟ್ಟ ಕೋಡ್ ಅದು. ಕೆಳಗೆ ಲಿನಕ್ಸ್, ಅದರ ಮೇಲೆ ಈ ಕೋಡನ್ನು ಓಡಿಸಿ ಡೇಟಾವನ್ನೂ ಇಟ್ಟುಕೊಳ್ಳೋ ಜಿಟಿ.ಎಂ. 25 ಸಾವಿರಕ್ಕೂ ಜಾಸ್ತಿ ರೊಟೀನ್. ಭಾಷೆ ಮಂಪ್ಸ್, 1966–67ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶುರುವಾದದ್ದು. ಒಂದೊಂದು ಬೈಟ್‌ಗೂ ಲೆಕ್ಕ ಕೊಡಬೇಕಾಗಿದ್ದ ಕಾಲ. ಸೆಟ್ ಅನ್ನೋದಕ್ಕೆ ಬರೀ ‘ಎಸ್’, ಡೂ ಅನ್ನೋದಕ್ಕೆ ‘ಡಿ’, ಕ್ವಿಟ್‌ಗೆ ‘ಕ್ಯೂ’. ಒಂದೇ ಸಾಲಿನಲ್ಲಿ ಹತ್ತು ಕಮಾಂಡ್. ಇದನ್ನೆಲ್ಲ ಕಣ್ಣು ಅಭ್ಯಾಸ ಮಾಡಿಕೊಳ್ಳುತ್ತದೆ. ಹುಡುಕುವವನನ್ನು ಕಾಡೋದು ಅಪ್‌ಆ್ಯರೋ (^). ಗ್ಲೋಬಲ್‌ಗೂ, ಅಂದರೆ ಡಿಸ್ಕ್‌ನಲ್ಲಿ ಉಳಿಯೋ ಡೇಟಾಗೂ, ಅದೇ ಗುರುತು, ರೊಟೀನ್‌ಗೂ ಅದೇ. ಅಪ್‌ಆ್ಯರೋ ಎಲ್‌ಆರ್ ಅಂತ ಹುಡುಕಿದರೆ ಲ್ಯಾಬ್ ಡೇಟಾ ಮುಟ್ಟೋ ಸಾಲು, ಲ್ಯಾಬ್ ರೊಟೀನ್ ಕರೆಯೋ ಸಾಲು, ಎಲ್‌ಆರ್‌ನಿಂದ ಶುರುವಾಗೋ ಇನ್ನಷ್ಟು ಹೆಸರು, ಎಲ್ಲ ಒಟ್ಟಿಗೇ ಬಂದು ಬೀಳುತ್ತವೆ.

ಮ್ಯಾನೇಜ್‌ಮೆಂಟ್ ಇದಕ್ಕೂ ಒಂದು ಪರಿಹಾರ ಕೊಡಿಸಿತ್ತು. ಲೈಸೆನ್ಸ್‌ಗೆ ದುಡ್ಡು ಸುರಿದು ತಂದ ಕೋಡ್ ಸರ್ಚ್ ಟೂಲ್. ಫೈಲ್ ಹೆಸರಿನ ಕೊನೆಗೆ ಡಾಟ್ ಎಂ ಕಂಡ ತಕ್ಷಣ ಅದು ಅರ್ಧ ರೊಟೀನನ್ನು ಆಬ್ಜೆಕ್ಟಿವ್-ಸಿ ಅಂದಿತು, ಉಳಿದರ್ಧವನ್ನು ಮ್ಯಾಟ್‌ಲ್ಯಾಬ್ ಅಂದಿತು. ಡ್ಯಾಶ್‌ಬೋರ್ಡ್‌ನಲ್ಲಿ ನಮ್ಮ ಆಸ್ಪತ್ರೆ ಐಫೋನ್ ಆ್ಯಪ್ ಬರೆಯುತ್ತಿರೋ ಹಾಗೆ ಒಂದು ಪೈ ಚಾರ್ಟ್ ಬಂತು. ಅದು ಕ್ವಾರ್ಟರ್ಲಿ ರಿವ್ಯೂನಲ್ಲೂ ಹೋಯಿತು, ಯಾರೂ ಏನೂ ಕೇಳಲಿಲ್ಲ.

ಟಿಕೆಟ್ ಸಣ್ಣದು. ಲ್ಯಾಬ್ ಟ್ಯೂಬ್‌ಗೆ ಅಂಟಿಸೋ ಬಾರ್‌ಕೋಡ್ ಲೇಬಲ್‌ಗೆ ಹೊಸ ರೊಟೀನ್ ಬಂದಿದೆ, ಹಳೆಯದನ್ನು ತೆಗೆಯಬೇಕು. ಹಳೆಯದು ಆಸ್ಪತ್ರೆಯವರೇ ಬರೆದ ಲೋಕಲ್ ಕೋಡ್, ಝಡ್ ನೇಮ್‌ಸ್ಪೇಸ್ (ಹೆಸರು ಝಡ್‌ನಿಂದ ಶುರು), ಬರೆದವರು ಯಾವತ್ತೋ ರಿಟೈರ್ ಆಗಿದ್ದಾರೆ.

ರೊಟೀನ್‌ಗಳೊಳಗೆ ಹುಡುಕೋ ಪರ್ಸೆಂಟ್ ಆರ್‌ಎಸ್‌ಇ ಹಾಕಿದೆ, ರೊಟೀನ್ ಕೇಳಿದ ಕಡೆ ಎಲ್ಲವೂ ಅಂತ ಸ್ಟಾರ್ ಕೊಟ್ಟೆ. ನಂಬಿಕೆ ಸಾಲದೆ ಲಿನಕ್ಸ್‌ನ ಹುಡುಕೋ ಕಮಾಂಡ್ ಗ್ರೆಪ್ ಕೂಡ ಓಡಿಸಿದೆ. ಸಿಕ್ಕಿದ್ದರಲ್ಲಿ ಕೆಲವು ಬರೀ ಸೆಮಿಕೋಲನ್ ಕಾಮೆಂಟ್. ಕೆಲವು ಹಳೇ ಡೈರೆಕ್ಟರಿಯಲ್ಲಿದ್ದ ಕಾಪಿ. ರೊಟೀನ್ ಎಲ್ಲೆಲ್ಲಿ ಹುಡುಕಬೇಕು ಅನ್ನೋ ಪಟ್ಟಿಯಾದ ಝಡ್‌ರೊಟೀನ್ಸ್‌ನಲ್ಲಿ ಯಾವ ಡೈರೆಕ್ಟರಿ ಮೊದಲಿದೆಯೋ ಅದರೊಳಗಿನದೇ ಓಡೋದು, ಹಿಂದಿನದು ಸುಮ್ನೆ ಬಿದ್ದಿರುತ್ತದೆ. ಒಂದು ಹಿಟ್ ಕಂಪೈಲ್ ಆದ ಇನ್‌ಪುಟ್ ಟೆಂಪ್ಲೇಟ್‌ನಲ್ಲಿತ್ತು, ಅಂದರೆ ಡೇಟಾ ತುಂಬಿಸೋ ಟೆಂಪ್ಲೇಟ್‌ನಿಂದ ತಾನಾಗಿ ಹುಟ್ಟಿದ ರೊಟೀನ್‌ನಲ್ಲಿ. ಅಂಥದ್ದನ್ನು ರೊಟೀನ್‌ನಲ್ಲೇ ತಿದ್ದಿದರೆ ಮುಂದಿನ ಸಲ ವಿಸ್ಟಾದ ಡೇಟಾಬೇಸ್ ನೋಡಿಕೊಳ್ಳೋ ಫೈಲ್‌ಮ್ಯಾನ್ ಕಂಪೈಲ್ ಮಾಡಿದಾಗ ತಿದ್ದಿದ್ದು ಹೋಗಿಬಿಡುತ್ತದೆ, ಟೆಂಪ್ಲೇಟನ್ನೇ ತಿದ್ದಬೇಕು. ಅದು ಗೊತ್ತಿತ್ತು, ಹಾಗೇ ಮಾಡಿದೆ. ಆಗಲೇ ತಲೆಗೆ ಹೊಳೆಯಬೇಕಿತ್ತು ಅಲ್ವಾ? ಈ ಹಿಟ್‌ನ ಮೂಲ ರೊಟೀನ್‌ನಲ್ಲಿ ಇರಲಿಲ್ಲ, ಒಂದು ಗ್ಲೋಬಲ್‌ನಲ್ಲಿತ್ತು. ಕಂಪೈಲ್ ಆಗಿದ್ದಕ್ಕೆ ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ಕಂಪೈಲ್ ಆಗದೇ ಕೂತಿರೋ ಕೋಡ್ ಎಷ್ಟಿದೆ ಅಂತ ನಾನು ಕೇಳಿಕೊಳ್ಳಲೇ ಇಲ್ಲ.

ಎಲ್ಲ ಬದಲಾಯಿಸಿ ಮತ್ತೆ ಹುಡುಕಿದೆ. ಸೊನ್ನೆ. ಟೆಸ್ಟ್ ಅಕೌಂಟ್‌ನಲ್ಲಿ ಲೇಬಲ್ ತೆಗೆದು ನೋಡಿದೆ, ಎರರ್ ಇಲ್ಲ. ಟೆಸ್ಟ್‌ನಲ್ಲಿ ಲೇಬಲ್‌ಗಳೆಲ್ಲ ನಲ್ ಡಿವೈಸ್‌ಗೆ (ಪ್ರಿಂಟೇ ಆಗದ ಕಡೆಗೆ) ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು, ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಿಎಬಿ ಪಾಸ್ ಆಯಿತು. ಪ್ರೊಡಕ್ಷನ್‌ನಲ್ಲಿ ಮೂಲ ಫೈಲ್ ಡಾಟ್ ಎಂ, ಕಂಪೈಲ್ ಆದ ಡಾಟ್ ಓ ಎರಡನ್ನೂ ಅಳಿಸಿದೆ. ಆ ದಿನವೆಲ್ಲ ಲೇಬಲ್ ಸರಿಯಾಗಿಯೇ ಬಂತು. ಟಿಕೆಟ್ ಕ್ಲೋಸ್.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಸೆವ್ ಒನ್, ಅಂದರೆ ಅತಿ ತುರ್ತಿನ ದೂರು, ಬಂತು. ಅಲ್ಲಿ ಇನ್ನೂ ಬೆಳಗಿನ ಜಾವ. ಬ್ಯಾಕಪ್ ಮುಗಿದು, ಹಿನ್ನೆಲೆ ಕೆಲಸಗಳನ್ನು ಓಡಿಸೋ ಟಾಸ್ಕ್‌ಮ್ಯಾನ್ ರೀಸ್ಟಾರ್ಟ್ ಆಗಿತ್ತು, ಬೆಳಗಿನ ರಕ್ತ ತೆಗೆಯೋ ರೌಂಡ್‌ಗೆ ಲೇಬಲ್‌ಗಳು ಬರಬೇಕಿತ್ತು. ಒಂದೂ ಬಂದಿಲ್ಲ. ಬ್ರಿಡ್ಜ್ ಕಾಲ್‌ನಲ್ಲಿ ಲ್ಯಾಬ್ ಸೂಪರ್‌ವೈಸರ್ ತಣ್ಣಗೆ ಹೇಳಿದರು: ಟೆಕ್ನಿಷಿಯನ್‌ಗಳು ವಾರ್ಡ್‌ಗೆ ಹೊರಡೋ ಹೊತ್ತು, ಲೇಬಲ್ ಬಾರದಿದ್ದರೆ ಟ್ಯೂಬ್ ಮೇಲೆ ಕೈಯಲ್ಲಿ ಬರೆಯುತ್ತೇವೆ. ಅದರ ಅರ್ಥ ಆ ಕಾಲ್‌ನಲ್ಲಿದ್ದ ಎಲ್ಲರಿಗೂ ಗೊತ್ತು. ಒಂದೇ ವಾರ್ಡ್‌ನಲ್ಲಿ ಒಂದೇ ಸರ್‌ನೇಮ್‌ನ ಇಬ್ಬರು ಮಲಗಿದ್ದರೆ, ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಲ್ಯಾಬ್‌ಗೆ ಹೋಗೋದಕ್ಕೆ ಒಂದು ಅವಸರದ ಕೈಬರಹ ಸಾಕು. ಬಾರ್‌ಕೋಡ್ ಬಂದದ್ದೇ ಅದನ್ನು ತಪ್ಪಿಸೋದಕ್ಕೆ.

“ರೀಸೆಂಟ್ ಚೇಂಜ್ ಏನಾದರೂ?” ಅಂತ ಇನ್ಸಿಡೆಂಟ್ ಮ್ಯಾನೇಜರ್ ಕೇಳಿದರು.

“ಒಂದು ಇದೆ, ಆದರೆ ಅದು ನಿನ್ನೆ ಬೆಳಿಗ್ಗೆಯೇ ಹೋಗಿದ್ದು. ನಿನ್ನೆ ಇಡೀ ದಿನ ಲೇಬಲ್ ಬಂದಿದೆ” ಅಂದೆ. ಧೈರ್ಯವಾಗಿಯೇ ಅಂದೆ. ಲಾಜಿಕ್ ಎಷ್ಟು ನೀಟಾಗಿತ್ತು ನೋಡಿ. ಬದಲಾವಣೆಯಾದ ಮೇಲೆ ಒಂದು ದಿನ ಸರಿಯಾಗಿ ನಡೆದಿದೆ ಅಂದರೆ ತಪ್ಪು ಬದಲಾವಣೆಯದ್ದಲ್ಲ. ಪ್ರಿಂಟರ್ ನೋಡಿ, ಪ್ರಿಂಟ್ ಕ್ಯೂ ನೋಡಿ ಅಂದೆ. ಅಲ್ಲಿ ನಿದ್ದೆಯಲ್ಲಿದ್ದ ನೆಟ್‌ವರ್ಕ್‌ನವನನ್ನು ಎಬ್ಬಿಸಿದರು. ಪಾಪ, ಅವನು ಒಂದೊಂದೇ ಪ್ರಿಂಟರ್ ಪಿಂಗ್ ಮಾಡುತ್ತಾ ಹೋದ, ಎಲ್ಲವೂ ಉತ್ತರ ಕೊಟ್ಟವು. ಹಾಗಾದರೆ ಫೈರ್‌ವಾಲ್ ಇರಬಹುದು ಅಂತ ಇನ್ಯಾರೋ ಅಂದರು, ನಾನು ಅದಕ್ಕೂ ಹೂಂ ಅಂದೆ. ಹಿನ್ನೆಲೆಯಲ್ಲಿ ಯಾರೋ ಟ್ಯೂಬ್ ರ್‍ಯಾಕ್ ಎತ್ತಿಟ್ಟ ಸದ್ದು. ಸೂಪರ್‌ವೈಸರ್ “ಇನ್ನು ಕಾಯೋದಕ್ಕೆ ಆಗೋದಿಲ್ಲ, ಅವರು ಹೊರಟರು” ಅಂದರು.

ಅಷ್ಟರಲ್ಲಿ ನಮ್ಮ ಲೀಡ್ ಮೇಡಂ ಊಟ ಮುಗಿಸಿ ಬಂದರು. ಹುಬ್ಬಳ್ಳಿಯವರು, ಎಷ್ಟೋ ವರ್ಷದಿಂದ ಮಂಪ್ಸ್‌ನಲ್ಲೇ ಇರುವವರು. ನನ್ನ ಸ್ಕ್ರೀನ್ ಮೇಲಿದ್ದ ಪಿಂಗ್ ನೋಡಿ, “ಎರರ್ ಟ್ರ್ಯಾಪ್ ನೋಡೀಯೇನು ತಮ್ಮಾ?” ಅಂದರು.

ನೋಡಿರಲಿಲ್ಲ. ಎರರ್‌ಗಳ ದಾಖಲೆ ತೋರಿಸೋ ಎಕ್ಸ್‌ಟಿಇಆರ್ ತೆಗೆದರೆ ಸಾಲುಸಾಲಾಗಿ ಝಡ್‌ಲಿಂಕ್‌ಫೈಲ್ ಎರರ್, ಅಂದರೆ ರೊಟೀನ್ ಲೋಡ್ ಆಗಲಿಲ್ಲ ಅಂತ. ಪ್ರತಿಯೊಂದರಲ್ಲೂ ಹಳೇ ಲೇಬಲ್ ರೊಟೀನ್‌ನ ಹೆಸರು.

ಮೇಡಂ ಬೈಯಲಿಲ್ಲ. “ಮೊದಲು ಅದನ್ನ ವಾಪಸ್ ಹಾಕು, ಮಾತು ಆಮ್ಯಾಲೆ” ಅಂದರು. ಗಿಟ್‌ನಿಂದ ಡಾಟ್ ಎಂ ಎತ್ತಿ ಡೈರೆಕ್ಟರಿಗೆ ಹಾಕಿದೆ. ಜಿಟಿ.ಎಂನಲ್ಲಿ ಅಷ್ಟು ಸಾಕು, ಮುಂದಿನ ಕರೆಗೆ ತಾನೇ ಕಂಪೈಲ್ ಮಾಡಿಕೊಂಡು ಲಿಂಕ್ ಆಗುತ್ತದೆ. ಬಿದ್ದಿದ್ದ ಟಾಸ್ಕ್‌ಗಳನ್ನು ರೀಕ್ಯೂ ಮಾಡಿದೆವು. ಲೇಬಲ್ ಬರತೊಡಗಿತು. ಅಷ್ಟರಲ್ಲಿ ಹೊರಟುಹೋಗಿದ್ದವರನ್ನು ಫೋನ್ ಮಾಡಿ ನಿಲ್ಲಿಸಿದರು. ಕೈಯಲ್ಲಿ ಬರೆದ ಟ್ಯೂಬ್‌ಗಳನ್ನು ಇಬ್ಬರು ಕೂತು ರೋಗಿಯ ಕೈಪಟ್ಟಿಯ ನಂಬರ್ ಜೊತೆ ತಾಳೆ ನೋಡಿದರಂತೆ. ಅದಲುಬದಲಾಗಿರಲಿಲ್ಲ.

ಒಂದು ದಿನ ತಡವಾಗಿ ಬಿದ್ದದ್ದು ಯಾಕೆ ಅಂದರೆ, ಜಿಟಿ.ಎಂ ಪ್ರಾಸೆಸ್ ಒಂದು ರೊಟೀನನ್ನು ಒಮ್ಮೆ ಲಿಂಕ್ ಮಾಡಿಕೊಂಡರೆ (ಮೆಮೊರಿಗೆ ತಂದುಕೊಂಡರೆ) ತಾನು ಸಾಯೋವರೆಗೂ ಅದನ್ನೇ ಇಟ್ಟುಕೊಂಡಿರುತ್ತದೆ. ಬದಲಾದದ್ದನ್ನು ತಾನೇ ಮತ್ತೆ ತಂದುಕೊಳ್ಳೋ ಆಟೋ-ರಿಲಿಂಕ್ ಹಾಕಿಲ್ಲದ ನಮ್ಮ ಕಡೆಯಂತೂ ಹಾಗೇ. ಡಿಸ್ಕ್‌ನಲ್ಲಿ ಫೈಲ್ ಇಲ್ಲದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಿಂದಿನ ದಿನವೆಲ್ಲ ಲೇಬಲ್ ಕೊಟ್ಟಿದ್ದು ಆ ಹಳೇ ಪ್ರಾಸೆಸ್‌ಗಳು. ರೀಸ್ಟಾರ್ಟ್ ಆಗಿ ಹೊಸವು ಹುಟ್ಟಿದವು, ಫೈಲ್ ಹುಡುಕಿದವು, ಬಿದ್ದವು. ‘ನಿನ್ನೆ ನಡೀತಿತ್ತು’ ಅನ್ನೋ ಮಾತಿಗೆ ಈ ಸಿಸ್ಟಂನಲ್ಲಿ ಬೆಲೆಯೇ ಇಲ್ಲ.

ಕರೆ ಎಲ್ಲಿಂದ ಬಂತು? ಯಾವ ಲೇಬಲ್ ಪ್ರಿಂಟರ್‌ಗೆ ಯಾವ ರೊಟೀನ್ ಅನ್ನೋದು ಲ್ಯಾಬ್‌ನ ಸೈಟ್ ಫೈಲ್‌ನಲ್ಲಿ ಒಂದು ಫೀಲ್ಡ್. ಕೋಡ್ ಅದನ್ನು ಓದಿ, ಆ್ಯಟ್ ಗುರುತು (@) ಹಾಕಿ ಓಡಿಸುತ್ತದೆ. ರೊಟೀನ್ ಹೆಸರು ಬರೀ ಡೇಟಾ. 25 ಸಾವಿರ ರೊಟೀನನ್ನು ಅಕ್ಷರ ಬಿಡದೆ ಓದಿದರೂ ಅದು ಸಿಗೋದಿಲ್ಲ. ಇಡೀ ಮನೆ ಗುಡಿಸಿ ಅಟ್ಟ ಹತ್ತದೇ ಇದ್ದ ಹಾಗಾಗಿತ್ತು ನನ್ನ ಕೆಲಸ.

“ಕೋಡ್ ಅನ್ನೋದು ರೊಟೀನಿನ್ಯಾಗಷ್ಟ ಇರ್ತೈತಿ ಅಂತ ಯಾರು ಹೇಳ್ಯಾರ ನಿನಗ?” ಅಂತ ಮೇಡಂ ಒಂದು ಹಾಳೆ ತಗೊಂಡು ಬರೆಯುತ್ತಾ ಹೋದರು. ಡಿಡಿ (ಡೇಟಾ ಡಿಕ್ಷನರಿ) ಗ್ಲೋಬಲ್: ಪ್ರತಿ ಫೀಲ್ಡ್‌ನ ಇನ್‌ಪುಟ್ ಟ್ರಾನ್ಸ್‌ಫಾರ್ಮ್, ಕ್ರಾಸ್ ರೆಫರೆನ್ಸ್‌ನ ಸೆಟ್ ಮತ್ತು ಕಿಲ್ ಲಾಜಿಕ್, ಎಲ್ಲ ಮಂಪ್ಸ್ ಕೋಡೇ, ಫೈಲ್‌ಮ್ಯಾನ್ ಎಕ್ಸಿಕ್ಯೂಟ್ ಮಾಡುತ್ತದೆ. ಆಪ್ಷನ್ ಫೈಲ್: ಮೆನುವಿನ ಎಂಟ್ರಿ ಆ್ಯಕ್ಷನ್, ಎಕ್ಸಿಟ್ ಆ್ಯಕ್ಷನ್. ಪ್ರೋಟೋಕಾಲ್ ಫೈಲ್. ಇನ್‌ಪುಟ್, ಪ್ರಿಂಟ್, ಸಾರ್ಟ್ ಟೆಂಪ್ಲೇಟ್. ಟಾಸ್ಕ್‌ಮ್ಯಾನ್ ಕ್ಯೂ: ಮುಂದಿನ ವಾರಕ್ಕೆ ಅಂತ ಈಗಲೇ ಹಾಕಿಟ್ಟ ಟಾಸ್ಕ್‌ನ ಹೊಟ್ಟೆಯಲ್ಲೂ ರೊಟೀನ್ ಹೆಸರು ಕೂತಿರುತ್ತದೆ. ಕೊನೆಗೆ ನಮ್ಮ ಸೈಟ್ ಫೈಲ್‌ಗಳು.

ಕೋಡ್ ತಪಾಸಣೆಯ ಟೂಲ್ ಎಕ್ಸ್‌ಇಂಡೆಕ್ಸ್‌ಗೆ ಪ್ಯಾಕೇಜ್ ಹೆಸರು ಕೊಟ್ಟರೆ ಇದರಲ್ಲಿ ಎಷ್ಟನ್ನೋ ಅದೇ ನೋಡುತ್ತದೆ. ಆದರೆ ನಮ್ಮ ಲೋಕಲ್ ಕೋಡನ್ನು ಯಾರೂ ಪ್ಯಾಕೇಜ್ ಫೈಲ್‌ಗೆ ಸೇರಿಸಿಯೇ ಇಲ್ಲ. ಸೇರಿಸಿ ಅಂತ ಹಾಕಿದ ಟಿಕೆಟ್ ಬಹಳ ಹಿಂದೆಯೇ ‘ಬಿಸಿನೆಸ್ ವ್ಯಾಲ್ಯೂ ಇಲ್ಲ’ ಅಂತ ವಾಪಸ್ ಬಂದಿತ್ತು.

ಹಾಗಾಗಿ ಉಳಿದದ್ದು ಗ್ಲೋಬಲ್‌ಗಳಲ್ಲಿ ಹುಡುಕೋ ಪರ್ಸೆಂಟ್ ಜಿಎಸ್‌ಇ. ಅದಕ್ಕೆ ಸ್ಟಾರ್ ಕೊಡಬೇಡಿ ದಯವಿಟ್ಟು. ಡೇಟಾಬೇಸ್ ಪೂರ್ತಿ ಓದಿ ಮುಗಿಯೋದು ಯಾವ ಕಾಲಕ್ಕೋ. ಮೇಲಾಗಿ ಟಿಐಯು ಗ್ಲೋಬಲ್‌ನಲ್ಲಿ ಡಾಕ್ಟರ್ ಬರೆದ ನೋಟ್‌ಗಳಿವೆ, ನಿಮ್ಮ ಸ್ಟ್ರಿಂಗ್ ಅಲ್ಲಿ ತಗುಲಿದರೆ ಯಾರದೋ ಕಾಯಿಲೆ ನಿಮ್ಮ ಸ್ಕ್ರೀನ್ ಮೇಲೆ. ರೋಗಿಯ ಗೋಪ್ಯತೆಯ ಅಮೆರಿಕನ್ ಕಾನೂನು ಹಿಪಾದ ಟ್ರೈನಿಂಗ್ ಮತ್ತೆ ಮೊದಲಿಂದ ಮಾಡಿಸುತ್ತಾರೆ. ಬೇಕಾದ ಗ್ಲೋಬಲ್ ಹೆಸರು ಮಾತ್ರ ಕೊಡಿ. ಇನ್ನೊಂದು, ಅದು ಹುಡುಕೋದು ಇಟ್ಟ ವ್ಯಾಲ್ಯೂನಲ್ಲಿ, ಅದರ ವಿಳಾಸವಾದ ಸಬ್‌ಸ್ಕ್ರಿಪ್ಟ್‌ನಲ್ಲಿ ಅಲ್ಲ.

ಆಮೇಲೆ ಮೇಡಂ ಹೇಳಿದ್ದನ್ನು ನಾನು ಈಗ ಎಲ್ಲ ಕಡೆ ಮಾಡುತ್ತೇನೆ. ಅಳಿಸುವುದಿಲ್ಲ. ಹಳೇ ಹೆಸರಿನಲ್ಲೇ ಒಂದು ಸಣ್ಣ ರೊಟೀನ್ ಇಡುತ್ತೇನೆ. ಕರೆ ಬಂದರೆ ಅದು ಹೊಸದಕ್ಕೆ ದಾಟಿಸುತ್ತದೆ, ದಾಟಿಸೋ ಮುಂಚೆ ಸ್ಟ್ಯಾಕ್‌ನಿಂದ ಕರೆದವನ ಜಾಗ ತಗೊಂಡು ಒಂದು ಗ್ಲೋಬಲ್‌ನಲ್ಲಿ ಬರೆದಿಡುತ್ತದೆ. ಲೇಬಲ್ ವಿಷಯದಲ್ಲಿ ಹಾಗೆ ಇಟ್ಟ ಮೇಲೆ ಸೈಟ್ ಫೈಲ್ ಸರಿಮಾಡಿದೆವು, ಲಾಗ್ ಸುಮ್ಮನಾಯಿತು. ತಿಂಗಳ ಕೊನೆಯಲ್ಲಿ ಒಂದು ಎಂಟ್ರಿ ಬಂತು. ಬ್ಲಡ್ ಬ್ಯಾಂಕ್‌ನ ಮಂತ್ಲಿ ರಿಪೋರ್ಟ್. ಅದರ ಕೋಡ್ ತೆಗೆದು ನೋಡಿದರೆ, ರೊಟೀನ್ ಹೆಸರನ್ನು ಎರಡು ತುಂಡಾಗಿ ಇಟ್ಟು ಅಂಡರ್‌ಸ್ಕೋರ್ ಹಾಕಿ ಜೋಡಿಸುತ್ತಿದೆ. ಆರ್‌ಎಸ್‌ಇಗೂ ಸಿಗೋದಿಲ್ಲ, ಜಿಎಸ್‌ಇಗೂ ಸಿಗೋದಿಲ್ಲ. ಮೇಡಂ ಜೋರಾಗಿ ನಕ್ಕರು.

ಮೂಲ ಕಾರಣ ಹುಡುಕೋ ಆರ್‌ಸಿಎ ಮೀಟಿಂಗ್‌ನಲ್ಲಿ ಮ್ಯಾನೇಜರ್, “ಈ ಲಾಗ್ ಎಷ್ಟು ದಿನ ಇಡಬೇಕು?” ಅಂತ ಕೇಳಿದರು.

“ವರ್ಷಕ್ಕೊಮ್ಮೆ ಓಡೋ ಜಾಬೂ ಇರ್ತಾವ್ರೀ ಸರ್, ಒಂದು ವರ್ಷನರ ಬೇಕು” ಅಂದರು ಮೇಡಂ.

ಟಿಕೆಟ್‌ನ ಎಸ್‌ಎಲ್‌ಎ (ಮುಗಿಸೋದಕ್ಕೆ ಒಪ್ಪಿಕೊಂಡ ಗಡುವು) 30 ದಿನ. ಹಾಗಾಗಿ ಅದನ್ನು ಪ್ರತಿ ತಿಂಗಳು ಕ್ಲೋಸ್ ಮಾಡಿ, ಅದೇ ದಿನ ಹೊಸ ನಂಬರ್‌ನಲ್ಲಿ ಮತ್ತೆ ಓಪನ್ ಮಾಡುತ್ತಿದ್ದೇವೆ.