ನಿಧಾನದ ಬೈಕೇ ಲೆಕ್ಕ: ನಮ್ಮ ಬಳಗದ ಗ್ರೂಪ್ ರೈಡ್ ಎಲ್ಲಿಗೆ ಬಂತು

ಚಾರ್ಮಾಡಿ ರೈಡ್ ಮುಗಿಯಿತು. ಎಲ್ಲರೂ ಕ್ಷೇಮವಾಗಿ ಮನೆ ಸೇರಿದ್ದಾರೆ. ಮಳೆಗಾಲ ಕಳೆದಾಗಿನಿಂದ ನಮ್ಮ ಬೈಕ್ ಬಳಗದ ರೈಡ್‌ಗಳನ್ನು ಬೇರೆ ಥರ ನಡೆಸೋಣ ಅಂತ ಕೂತಿದ್ದೆವಲ್ಲ, ಆ ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಮುಂದೆ ಲೀಡ್ ಮಾಡುವವರು ಮತ್ತೆ ಮೊದಲಿನಿಂದ ತಲೆ ಕೆಡಿಸಿಕೊಳ್ಳುವುದು ಬೇಡ.

ನಾನು ಪಟ್ಟು ಹಿಡಿದದ್ದು ಒಂದೇ ಮಾತಿಗೆ. ಬಳಗದಲ್ಲಿ ಅತಿ ನಿಧಾನದ ಬೈಕು ಯಾವ ವೇಗದಲ್ಲಿ ಆರಾಮಾಗಿ ಓಡುತ್ತದೋ, ಅದೇ ಗುಂಪಿನ ವೇಗ. ಉಳಿದ ಎಲ್ಲ ನಿಯಮಗಳೂ ಇದರ ಹಿಂದೆಯೇ ಬಂದವು.

ಸೆಪ್ಟೆಂಬರ್: ಗುಂಪು ಒಡೆದದ್ದು

ಮೊದಲು ಉದ್ದ ಸಾಲನ್ನು ಒಡೆದೆವು. ಇದಕ್ಕೆ ಜಾಸ್ತಿ ಜಗಳ ಆಯಿತು. "ಎಲ್ಲರೂ ಒಟ್ಟಿಗೆ ಹೋದರೇ ತಾನೇ ಮಜಾ" ಅನ್ನುವವರು ಅರ್ಧಕ್ಕರ್ಧ ಇದ್ದರು. ಅವರ ಮುಂದೆ ಲೆಕ್ಕ ಹಾಕಿ ತೋರಿಸಿದೆ.

60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನೇರ ರಸ್ತೆಯಲ್ಲಿ ನಾವು ಓಡಿಸುವುದು ಸ್ಟ್ಯಾಗರ್ಡ್ ಸಾಲಿನಲ್ಲಿ. ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವರು, ಲೇನಿನ ಬಲಭಾಗದಲ್ಲಿ, ಎರಡನೆಯವರು ಎಡಭಾಗದಲ್ಲಿ, ಮೂರನೆಯವರು ಮತ್ತೆ ಬಲಕ್ಕೆ. ಓರೆಯಲ್ಲಿ ಮುಂದಿರುವವರಿಂದ ಒಂದು ಸೆಕೆಂಡು ಅಂತರ, ನಿಮ್ಮದೇ ಸಾಲಿನಲ್ಲಿ ಮುಂದಿರುವವರಿಂದ ಎರಡು ಸೆಕೆಂಡು. ಹದಿನೆಂಟು ಬೈಕು ಹೀಗೆ ಹೋದರೆ ಸಾಲು ಮುನ್ನೂರು ಮೀಟರ್ ಹತ್ತಿರ ಆಗುತ್ತದೆ. ಅಷ್ಟುದ್ದದ ಸಾಲನ್ನು ಬಸ್ಸಿನವರು ಒಂದೇ ಏಟಿಗೆ ದಾಟಲು ಆಗುತ್ತದಾ? ಮಧ್ಯೆ ತೂರಿಸಿಯೇ ತೂರಿಸುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ.

ಇನ್ನೊಂದು ತೊಂದರೆ ಹಂಪಿನದು. ಲೀಡ್ ಹಂಪು ದಾಟಿ ಆಕ್ಸಿಲರೇಟರ್ ತಿರುಗಿಸುವ ಹೊತ್ತಿಗೆ ಕೊನೆಯವರು ಇನ್ನೂ ಬ್ರೇಕ್ ಹಿಡಿಯುತ್ತಿರುತ್ತಾರೆ. ಸಾಲು ರಬ್ಬರ್ ಬ್ಯಾಂಡಿನ ಹಾಗೆ ಎಳೆಯುತ್ತದೆ. ಮುಂದಿರುವವರು 60 ದಾಟದಿದ್ದರೂ ಹಿಂದಿನವರು ಗ್ಯಾಪ್ ಮುಚ್ಚಲು 80 ಹೊಡೆಯುತ್ತಿರುತ್ತಾರೆ. ಬಾಲದಲ್ಲಿ ಇರುವವರು ಸಾಮಾನ್ಯವಾಗಿ ಹೊಸಬರು, ಅವರಿಗೇ ಈ ಓಟ.

ಈಗ ಒಂದು ಗುಂಪಿಗೆ ಆರೇ ಬೈಕು. ಪ್ರತಿ ಗುಂಪಿಗೂ ಅದರದೇ ಲೀಡ್, ಅದರದೇ ಸ್ವೀಪ್ (ಎಲ್ಲರಿಗಿಂತ ಕೊನೆಗೆ ಬರುವವರು). ಗುಂಪುಗಳು ಐದು ನಿಮಿಷ ಬಿಟ್ಟು ಹೊರಡುತ್ತವೆ. ಹಂಪು ದಾಟಿದ ಮೇಲೆ ಕನ್ನಡಿಯಲ್ಲಿ ಸ್ವೀಪ್ ಹೆಡ್‌ಲೈಟ್ ಕಾಣುವ ತನಕ ಲೀಡ್ ವೇಗ ಏರಿಸುವುದಿಲ್ಲ. ಫೋಟೋ ಬೇಕಾದರೆ ತಿಂಡಿ ಹೋಟೆಲ್ ಮುಂದೆ ಎಲ್ಲರೂ ಸಾಲಾಗಿ ನಿಲ್ಲಿಸಲಿ, ಯಾರು ಬೇಡ ಅಂದರು?

ಮೈಸೂರು ಕಡೆಯ ರೈಡ್‌ಗಳನ್ನು ಕೈಬಿಟ್ಟಿದ್ದೇವೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿಂದ ರಾಂಗ್ ಸೈಡಿನಲ್ಲಿ ಬರುವವರ ನಡುವೆ ಗುಂಪು ಕಟ್ಟಿಕೊಂಡು ಹೋಗುವುದು ನನಗಂತೂ ಸರಿ ಕಾಣಲಿಲ್ಲ. ಹಾಗಾಗಿ ಹಾಸನ ರಸ್ತೆ.

ನವೆಂಬರ್: ತಿರುವಿನಲ್ಲಿ ನಿಲ್ಲುವವರು

ಮಾಗಡಿ ರಸ್ತೆಯಿಂದ ಸಾವನದುರ್ಗದ ಕಡೆ ಒಳದಾರಿಗಳಲ್ಲಿ ಮಾರ್ಕರ್ ಪದ್ಧತಿ ಪರೀಕ್ಷೆ ಮಾಡಿದೆವು. ತಿರುವು ಬಂದಾಗ ಎರಡನೇ ಸ್ಥಾನದಲ್ಲಿರುವವರು ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಹಿಂದಿನವರಿಗೆ ಯಾವ ಕಡೆ ಅಂತ ಕೈ ತೋರಿಸುತ್ತಾರೆ. ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಮತ್ತೊಬ್ಬರು. ಇಷ್ಟೇ. ಫೋನ್ ಬೇಡ, ನೆಟ್‌ವರ್ಕ್ ಬೇಡ. ದಾರಿ ತಪ್ಪುವ ಭಯ ಇಲ್ಲದಿದ್ದರೆ ಯಾರೂ ಜೋರಾಗಿ ಓಡಿಸಿಕೊಂಡು ಬರುವುದಿಲ್ಲ. ಅದೇ ಇದರ ದೊಡ್ಡ ಲಾಭ.

ಒಂದು ತೊಡಕು ಬಂತು. ನಮ್ಮಲ್ಲಿ ಒಬ್ಬ ಹಿರಿಯರದು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಬಂದ ಟೂ-ಸ್ಟ್ರೋಕ್ ಗಾಡಿ. ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಗಾಡಿ ಇನ್ನೂ ಓಡುತ್ತಿದೆ. ಅವರು ಯಾವಾಗಲೂ ಕೊನೆಗೇ ನಿಲ್ಲುತ್ತಿದ್ದರು. "ನನ್ನಿಂದ ನಿಮಗೆಲ್ಲ ತಡ ಆಗುತ್ತೆ, ನೀವು ನಡೀರಿ, ನಾನು ಹಿಂದೆ ಬರ್ತೀನಿ" ಅಂತ. "ಇಲ್ಲ ಸಾರ್, ನೀವು ನನ್ನ ಹಿಂದೇನೇ ಬರಬೇಕು" ಅಂತ ಹಟ ಹಿಡಿದು ಎರಡನೇ ಸ್ಥಾನಕ್ಕೆ ತಂದೆ. ನಿಧಾನದ ಬೈಕು ಲೀಡ್ ಕನ್ನಡಿಯಲ್ಲೇ ಇದ್ದರೆ ವೇಗ ತಾನಾಗಿ ಹಿಡಿತಕ್ಕೆ ಬರುತ್ತದೆ. ಆದರೆ ಎರಡನೆಯವರೇ ತಿರುವಿನಲ್ಲಿ ನಿಲ್ಲಬೇಕಲ್ಲ! ಮೊದಲ ತಿರುವಿಗೇ ಅವರು ಮತ್ತೆ ಹಿಂದಕ್ಕೆ ಹೋದರು. ಈಗ ಎರಡನೇ ಸ್ಥಾನ ಅವರಿಗೆ ಖಾಯಂ. ತಿರುವಿಗೆ ನಿಲ್ಲುವುದು ಮೂರನೆಯವರು.

ಡಿಸೆಂಬರ್: ರಸ್ತೆ ಮೇಲಿನ ಒಕ್ಕಣೆ

ಈ ತಿಂಗಳು ಹಳ್ಳಿ ರಸ್ತೆಗೆ ಹೋದವರಿಗೆಲ್ಲ ಗೊತ್ತು. ರಾಗಿ, ಹುರುಳಿ ಕಟಾವಾಗಿ ರಸ್ತೆಗೇ ಬರುತ್ತದೆ. ವಾಹನ ಓಡಾಡಿದರೆ ಕಾಳು ಉದುರುತ್ತದೆ ಅಂತ ಹರಡುತ್ತಾರೆ. ಕಾರಿಗೆ ಏನೂ ಆಗಲ್ಲ, ಬೈಕಿಗೆ ಅದು ಬೇರೆಯೇ ಕಥೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಟೈರು ಹತ್ತಿದರೆ ಕೆಳಗೆ ಡಾಂಬರು ಇದೆ ಅಂತಲೇ ಅನಿಸುವುದಿಲ್ಲ. ಬಳ್ಳಿ ಚೈನಿಗೆ, ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ಪಕ್ಕ ಒಣ ಹುಲ್ಲು ಸಿಕ್ಕಿಕೊಂಡರೆ ಬೆಂಕಿಯ ಭಯವೂ ಇದೆ. ಅದಕ್ಕಿಂತ ಕೆಟ್ಟದ್ದು ಅಂಚಿಗೆ ಇಟ್ಟ ಕಲ್ಲುಗಳು. ಸಂಜೆ ಹೊತ್ತು ಕಾಣುವುದೇ ಇಲ್ಲ.

ಲೀಡ್ ಎಡಗೈ ಎತ್ತಿ ಒಂದು ಬೆರಳು ತೋರಿಸಿದರೆ ಒಂದೇ ಸಾಲು. ಒಕ್ಕಣೆ ಕಂಡ ಕೂಡಲೇ ಅದೇ ಸನ್ನೆ. ಗೇರ್ ಮೊದಲೇ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಮುಂದಿನ ಬ್ರೇಕ್ ಮುಟ್ಟದೆ, ಒಬ್ಬೊಬ್ಬರೇ ದಾಟಬೇಕು. ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು. ದಪ್ಪ ಇದ್ದರೆ ಸುಮ್ನೆ ನಿಲ್ಲಿಸಿ ಕೇಳಿ. "ಅಕ್ಕಾ, ಸ್ವಲ್ಪ ದಾರಿ ಮಾಡಿಕೊಡ್ತೀರಾ" ಅಂದರೆ ಬೇಡ ಅನ್ನುವವರನ್ನು ನಾನಂತೂ ನೋಡಿಲ್ಲ. ಒಬ್ಬ ಅಜ್ಜಿ ಕೋಲಿನಿಂದ ಬಳ್ಳಿ ಸರಿಸಿ, ಆರೂ ಗಾಡಿ ದಾಟುವ ತನಕ ನಿಂತು, ಕೊನೆಗೆ "ನಿಮ್ಮ ಗಾಡಿ ಹಗುರ ಕಣಪ್ಪಾ, ಕಾಳೇ ಉದುರಲಿಲ್ಲ" ಅಂದರು.

ಓವರ್‌ಟೇಕ್ ನಿಯಮವೂ ಈ ತಿಂಗಳೇ ಗಟ್ಟಿಯಾಯಿತು. ಲಾರಿ ದಾಟಿದ ಮೇಲೆ "ಬನ್ನಿ ಬನ್ನಿ" ಅಂತ ಹಿಂದಿನವರಿಗೆ ಕೈ ಬೀಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಎದುರು ರಸ್ತೆ ಖಾಲಿ ಇದೆಯಾ ಅಂತ ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದಲೇ ನೋಡಬೇಕು. ದಾಟಿದವರು ಹಿಂದೆ ಬರುವವರಿಗೆ ಜಾಗ ಬಿಟ್ಟು ಸ್ವಲ್ಪ ಮುಂದೆ ಸರಿಯಬೇಕು.

ಜನವರಿ: ಚಾರ್ಮಾಡಿ

ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಹಾಸನದ ತನಕ ಹೇಳುವಂಥದ್ದೇನಿಲ್ಲ, ಅಗಲ ರಸ್ತೆ. ಟೋಲ್‌ಗಳಲ್ಲಿ ಬೈಕಿಗೆ ದುಡ್ಡಿಲ್ಲ, ಪಕ್ಕದ ಸಂದಿಯಲ್ಲಿ ನುಗ್ಗುವಾಗ ಗುಂಪು ಚೆದುರುತ್ತದೆ ಅಷ್ಟೇ. ಟೋಲ್ ದಾಟಿ ಸ್ವಲ್ಪ ದೂರದಲ್ಲಿ, ರಸ್ತೆಯಿಂದ ಪೂರ್ತಿ ಹೊರಗೆ ನಿಂತು ಸೇರಿಕೊಂಡೆವು.

ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಅಲ್ಲೇ ಎರಡನೇ ಬ್ರೀಫಿಂಗ್ ಮಾಡಿದೆವು. ಘಾಟಿ ವಿಷಯವನ್ನು ಬೆಂಗಳೂರಿನಲ್ಲಿ ಬೆಳಗಿನ ಜಾವ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಹೊಟ್ಟೆ ತುಂಬಿ, ಎದುರಿಗೆ ಮಂಜು ಕಾಣುತ್ತಿರುವಾಗ ಹೇಳಿದರೆ ಕಿವಿ ಕೊಡುತ್ತಾರೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಕೆಟ್ಟಿದ್ದ ರಸ್ತೆ ಇದು. ಮಳೆಗಾಲದಲ್ಲಿ ಇಲ್ಲಿಗೆ ಗ್ರೂಪ್ ತರುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ನನ್ನ ಚಿಂತೆ ಇದ್ದದ್ದು ಯೆಜ್ಡಿಯದು. ಫೋರ್-ಸ್ಟ್ರೋಕ್ ಗಾಡಿ ಇಳಿಜಾರಿನಲ್ಲಿ ಗೇರ್ ಇಳಿಸಿದರೆ ಎಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಹಿಡಿತ ಕಡಿಮೆ. ಹಾಗಾಗಿ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಒಂದೇ ಸಮ ಹಿಡಿದರೆ ಡ್ರಮ್ ಕಾದು ಬ್ರೇಕ್ ಮೆತ್ತಗಾಗುತ್ತದೆ. ಇನ್ನೊಂದು ವಿಷಯ ಹೊಸ ಗಾಡಿಯವರಿಗೆ ತಿಳಿದಿರುವುದಿಲ್ಲ. ಈ ಗಾಡಿಯ ಸಿಲಿಂಡರಿಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಗೇ. ಆಕ್ಸಿಲರೇಟರ್ ಮುಚ್ಚಿಕೊಂಡು ಉದ್ದಕ್ಕೆ ಇಳಿದರೆ ಪೆಟ್ರೋಲೂ ಕಡಿಮೆ, ಆಯಿಲೂ ಕಡಿಮೆ. ಅದಕ್ಕೇ ಹಿರಿಯರು ಆಗಾಗ ಕ್ಲಚ್ ಹಿಡಿದು ಒಮ್ಮೆ ರೇಸ್ ಕೊಡುತ್ತಾ ಇಳಿಯುತ್ತಾರೆ. ಹಿಂದಿನವರಿಗೆ ಅದು ಗೊತ್ತಿಲ್ಲದಿದ್ದರೆ "ಇವರು ಮುಂದಕ್ಕೆ ಹೋಗ್ತಿದ್ದಾರಾ, ನಿಲ್ತಿದ್ದಾರಾ" ಅಂತ ಗಾಬರಿ.

ಅವರ ಹಿಂದೆ ನಾಲ್ಕು ಸೆಕೆಂಡು ಗ್ಯಾಪ್ ಇಟ್ಟೆವು. ಘಾಟಿಯಲ್ಲಿ ಸ್ಟ್ಯಾಗರ್ಡ್ ಇಲ್ಲ, ಪೂರ್ತಿ ಒಂದೇ ಸಾಲು. ತಿರುವಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಲೇನ್ ಪೂರ್ತಿ ಬೇಕು. ಬಸ್ಸು ಕೆಳಗಿನಿಂದ ಹತ್ತಿ ಬರುವ ಸದ್ದು ಕೇಳಿದರೆ ಹೇರ್‌ಪಿನ್ ತಿರುವಿಗೆ ಮೊದಲೇ ನಿಲ್ಲುವುದು. ಇಕ್ಕಟ್ಟಿನ ಘಾಟಿಯಲ್ಲಿ ಹತ್ತುವವರಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಿಯಮವೂ ಹೌದು. ಅರ್ಧ ಇಳಿದ ಮೇಲೆ ಅಗಲ ಜಾಗ ನೋಡಿ ನಿಂತೆವು. ಹಿರಿಯರು ಹಿಂದಿನ ಹಬ್ ಹತ್ತಿರ ಅಂಗೈ ತಂದು, ಮುಟ್ಟದೆ, ಬಿಸಿ ನೋಡಿದರು. "ಇನ್ನೊಂದು ಹತ್ತು ನಿಮಿಷ" ಅಂದರು. ಯಾರೂ ಗೊಣಗಲಿಲ್ಲ. ಕೋತಿಗಳು ಮಾತ್ರ ಒಬ್ಬರ ಟ್ಯಾಂಕ್ ಬ್ಯಾಗಿನಿಂದ ಚಿಕ್ಕಿ ಪೊಟ್ಟಣ ಹೊತ್ತುಕೊಂಡು ಹೋದವು.

ಬಾಕಿ ಇರುವುದು

ಸ್ವೀಪ್ ಚೀಲ ಈಗ ಸರಿಯಾಗಿದೆ: ಟ್ಯೂಬು, ಟೈರ್ ಲಿವರ್, ಪಂಪು, ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್, ಟೂಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವುದು), ಬ್ಯಾಂಡೇಜು. ಸ್ಪೋಕ್ ಚಕ್ರದ ಗಾಡಿಗಳಿಗೆ ಟ್ಯೂಬ್‌ಲೆಸ್ ಕಿಟ್ ತಂದು ಏನು ಮಾಡುವುದು? ಟ್ಯೂಬ್‌ಲೆಸ್ ಟೈರಿನ ಗಾಡಿಗಳಿಗೆ ಅಂತ ಆ ಕಿಟ್ ಒಂದಿದ್ದರೆ ಸಾಕು.

ಪ್ರಥಮ ಚಿಕಿತ್ಸೆ ತರಬೇತಿ ಇನ್ನೂ ಆಗಿಲ್ಲ. 112, 108 ಎಲ್ಲರಿಗೂ ಗೊತ್ತು. ಆದರೆ ಬಿದ್ದವರ ಹೆಲ್ಮೆಟ್ ಎಳೆಯಬಾರದು, ಕುತ್ತಿಗೆ ಅಲುಗಾಡಿಸಬಾರದು ಅನ್ನುವುದನ್ನು ಕೇಳಿ ತಿಳಿದರೆ ಸಾಲದು, ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು. ಬೇರೆಯವರ ಅಪಘಾತಕ್ಕೆ ನಿಂತರೆ ಕೇಸು ಮೈಮೇಲೆ ಬರುತ್ತದೆ ಅಂತ ಇಬ್ಬರು ಹೆದರುತ್ತಿದ್ದರು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಸಹಾಯ ಮಾಡುವವರಿಗೆ ರಕ್ಷಣೆ ಇದೆ ಅಂತ ತಿಳಿಸಿದ್ದೇನೆ. ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ ಎಲ್ಲರ ಜಾಕೆಟ್ ಎಡಜೇಬಿನಲ್ಲಿ ಇರಬೇಕು ಅಂತ ಆಗಿದೆ. ಚಾರ್ಮಾಡಿಗೆ ಮೂವರು ಮರೆತು ಬಂದಿದ್ದರು, ಅಲ್ಲೇ ಬರೆಸಿದೆವು.

ಇಂಟರ್‌ಕಾಮ್ ಲೀಡ್ ಮತ್ತು ಸ್ವೀಪ್ ಮಧ್ಯೆ ಮಾತ್ರ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ಕೊಟ್ಟರೆ ರೈಡ್ ಪೂರ್ತಿ ಕ್ರಿಕೆಟ್ ಚರ್ಚೆ. ಇದಕ್ಕೆ ವಿರೋಧ ಇದೆ, ಮುಂದಿನ ಸಭೆಯಲ್ಲಿ ಮಾತಾಡೋಣ. ಹೊಸ ಸದಸ್ಯರು ಘಾಟಿ ರೈಡ್‌ಗೆ ಪಿಲಿಯನ್ (ಹಿಂದಿನ ಸೀಟಿನಲ್ಲಿ ಕೂರುವವರನ್ನು) ಕರೆತರಬಹುದಾ ಅನ್ನುವುದೂ ಅವತ್ತೇ ತೀರ್ಮಾನ ಆಗಬೇಕು. ಫೆಬ್ರವರಿ ರೈಡ್‌ಗೆ ಎರಡನೇ ಗುಂಪಿನ ಸ್ವೀಪ್ ಆಗಲು ಹಿರಿಯರನ್ನು ಕೇಳಿದೆ. "ಸ್ವೀಪ್ ಆದ್ರೆ ಮತ್ತೆ ಹಿಂದಕ್ಕೇ ಹೋಗಬೇಕಲ್ಲಪ್ಪ" ಅಂದರು. ಬೇರೆಯವರು ಯಾರಾದರೂ ಇದ್ದರೆ ಹೆಸರು ಕೊಡಿ.